ನಂಗೂ ನಾಲ್ಕೇ

ಕಂಠಿ, ನಿನ್ನ ಕಿವಿ ಹೋಗುತ್ತಿದೆ ಎಂಬುದು ನಿನಗಿಂತ ಮೊದಲು ನನಗೆ ಗೊತ್ತಾಗಿತ್ತು. ಡಾಕ್ಟರಿಗಿಂತ ಮೊದಲು, ಸುಮಿತ್ರಮ್ಮನಿಗಿಂತ ಮೊದಲು. ಇಂಜೆಕ್ಷನ್ ಇನ್ನೂ ನಾಲ್ಕು ವಾರ ಬಾಕಿ ಇತ್ತು — ಅವತ್ತೇ ಒಂದು ಮಾತು ಹೇಳಿದ್ದರೆ ಹೋದಷ್ಟಕ್ಕೆ ನಿಲ್ಲುತ್ತಿತ್ತು. ಹೇಳಲಿಲ್ಲ. ಸುಮ್ಮನಿದ್ದುಬಿಟ್ಟೆ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳೇ. ಸುಮ್ಮನಿರಲಿಲ್ಲ. ನೀನು ಬಾಯಿಬಿಟ್ಟು ಕೇಳಿದೆ, ನಾನು ಬಾಯಿಬಿಟ್ಟು ಸುಳ್ಳು ಹೇಳಿದೆ.

ಏಳು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ರತಿ ಭಾನುವಾರ ಬಸವನಗುಡಿಯ ನಿನ್ನ ಮನೆಗೆ ಬಂದು, ಸುಮಿತ್ರಮ್ಮ ಕೊಟ್ಟ ಕಾಫಿ ಕುಡಿದು ಹೋಗಿದ್ದೇನೆ. ಎಂಥ ದಪ್ಪ ಚರ್ಮ ನೋಡು ನನ್ನದು. ಬಾಯಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ. ನಿನ್ನ ಫೋನಿನಲ್ಲಿ ಟೈಪ್ ಮಾಡಿ ತೋರಿಸೋಣ ಎಂದು ಎಷ್ಟೋ ಸಲ ಕೈಗೆತ್ತಿಕೊಂಡೆ. ಪ್ರತಿ ಸಲವೂ ಗಾಂಧಿ ಬಜಾರಿಗೆ ಅವರೆಕಾಯಿ ಬಂದಿದೆ ಎಂದೋ, ಕಾಲು ನೋವು ಹೇಗಿದೆ ಎಂದೋ ಬರೆದು ವಾಪಸು ಕೊಟ್ಟೆ. ಆದ್ದರಿಂದ ಈ ನೋಟ್‌ಬುಕ್ಕು. ನಿನ್ನ ಹೆಂಡತಿಯಾಗಿ ಸುಮಿತ್ರಮ್ಮನೂ ಇದನ್ನು ಓದಬೇಕು. ಅದಕ್ಕೇ ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನೀನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ರಜೆ ದಿನಗಳಲ್ಲಿ ಇಬ್ಬರೂ ಪುಟ್ಟಸ್ವಾಮಣ್ಣನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆವು. ನೀನು ಮುಂದೆ ಲೀಡ್, ನಾನು ಹಿಂದೆ ರಿದಮ್. ಇಪ್ಪತ್ತು ವರ್ಷ ಹಾಗೇ ನಡೆಯಿತು. ಅದು ಸರಿಯೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನನಗೂ ಇರಲಿಲ್ಲ. ನಿನ್ನ ಕಿವಿ ಅಂಥದ್ದು. ಓಕಳಿಪುರದ ವಠಾರದಲ್ಲಿ ಬೆಳೆಯುವಾಗ ರೈಲ್ವೆ ಸೇತುವೆಯ ಕೆಳಗೆ ನಿಂತು ಚಪ್ಪಾಳೆ ತಟ್ಟಿ, ಆ ಸದ್ದು ಎಷ್ಟು ಸಲ ವಾಪಸು ಬರುತ್ತದೆಂದು ಬೆರಳು ಮಡಚಿ ಎಣಿಸುತ್ತಿದ್ದೆವಲ್ಲ — ಗೋಡೆಗೆ ಮುಖ ಮಾಡಿ, ಒಬ್ಬರ ಬೆರಳು ಇನ್ನೊಬ್ಬರಿಗೆ ಕಾಣದ ಹಾಗೆ ಕೈ ಬೆನ್ನ ಹಿಂದೆ ಇಟ್ಟುಕೊಂಡು. ನನಗೆ ಮೂರು ಕೇಳಿಸಿದರೆ ನಿನಗೆ ಐದು. ನೀನು ಬುರುಡೆ ಬಿಡುತ್ತೀಯ ಎಂದು ಎಷ್ಟು ಜಗಳ ಆಡಿದ್ದೇನೆ. ದೊಡ್ಡವರಾದ ಮೇಲೂ ಆ ಆಟ ಬಿಡಲಿಲ್ಲ. ಹೊಸ ಹಾಲ್ ಇರಲಿ, ಹೊಸ ಆಂಪ್ ಇರಲಿ, ಗೋಡೆಗೆ ಮುಖ, ಬೆನ್ನ ಹಿಂದೆ ಬೆರಳು. ಯಾವತ್ತೂ ನಿನ್ನ ಲೆಕ್ಕವೇ ಜಾಸ್ತಿ ಬರುತ್ತಿತ್ತು.

ಏಳು ವರ್ಷದ ಹಿಂದೆ, ಅಗೆದು ಬಿಟ್ಟಿದ್ದ ರಸ್ತೆಯಲ್ಲಿ ನಿನ್ನ ಸ್ಕೂಟರ್ ಜಾರಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದು, ರಾಡ್ ಹಾಕಿ, ಆಮೇಲೆ ಆ ಮೂಳೆಗೇ ಸೋಂಕು ಹತ್ತಿತು. ನೀನು ಮೂರು ತಿಂಗಳು ಮಲಗಿದೆ. ಆ ಮೂರು ತಿಂಗಳು ಲೀಡ್ ನುಡಿಸಿದವನು ನಾನು. ಇಲ್ಲಿ ನಿಜ ಬರೆಯಬೇಕು. ನನಗೆ ಖುಷಿಯಾಯಿತು ಕಂಠಿ. ವೇದಿಕೆಯಲ್ಲಿ ಮುಂದೆ ನಿಲ್ಲುವುದು, ಪಲ್ಲವಿ ಮುಗಿದ ಕೂಡಲೇ ಹಾಡುವವರು ತಿರುಗಿ ನನ್ನ ಮುಖ ನೋಡುವುದು, ಹನುಮಂತನಗರದಲ್ಲಿ ಒಂದು ಸಲ ಒನ್ಸ್ ಮೋರ್ ಅಂದರು — ನಲವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ. ನೀನು ಎದ್ದು ಓಡಾಡುತ್ತಿದ್ದೀ ಎಂದು ಗೊತ್ತಾದ ದಿನವೇ ಪುಟ್ಟಸ್ವಾಮಣ್ಣ, "ಗಣೇಶನ ಸೀಸನ್‌ಗೆ ಕಂಠಿ ಬರ್ತಾನಂತೆ, ನೀನು ನಿನ್ನ ಜಾಗಕ್ಕೆ ಹೋಗ್ಬಿಡು" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅದು. ಆದರೂ 'ನಿನ್ನ ಜಾಗ' ಎಂದದ್ದು ನನ್ನ ತಲೆಯಿಂದ ಹೋಗಲಿಲ್ಲ.

ಸೋಂಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಅದಕ್ಕೆ ಆರು ವಾರದ ಇಂಜೆಕ್ಷನ್. ಸುಮಿತ್ರಮ್ಮ ಎಂಟೂವರೆಗೇ ಆಫೀಸಿಗೆ ಹೊರಡಬೇಕಾದ್ದರಿಂದ ದಿನಾ ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ನಿನ್ನನ್ನು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗುತ್ತಿದ್ದವನು ನಾನೇ. ಮೊದಲ ದಿನವೇ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: ಈ ಔಷಧಿ ಕೆಲವರಿಗೆ ಕಿವಿಯನ್ನೇ ತೆಗೆಯುತ್ತದೆ, ಸಣ್ಣ ಚೂಪಾದ ಸದ್ದುಗಳು ಮೊದಲು ಹೋಗುತ್ತವೆ, ಹೋದದ್ದು ವಾಪಸು ಬರುವುದಿಲ್ಲ, ಒಂಚೂರು ಅನುಮಾನ ಬಂದರೂ ಹೇಳಿ, ನಿಲ್ಲಿಸಿ ಬೇರೆ ಕೊಡುತ್ತೇನೆ. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಗಮನ ಇಟ್ಟಿರಿ. ಪೇಷಂಟ್‌ಗೆ ಎಷ್ಟೋ ಸಲ ತಾನಾಗೇ ಗೊತ್ತಾಗಲ್ಲ" ಅಂದರು. ನನ್ನ ಕಿವಿಗೆ ಇವನೇ ಕಾವಲು ಸಾರ್ ಎಂದು ನೀನು ನಕ್ಕೆ. ನಾನು ತಲೆಯಾಡಿಸಿದೆ.

ಎರಡನೇ ವಾರದ ಕೊನೆಗೆ, ಶನಿವಾರ ಮಧ್ಯಾಹ್ನ, ನೀನು ಊರುಗೋಲು ಊರಿಕೊಂಡು ನನ್ನ ಕೋಣೆಗೆ ಬಂದೆ, ಡಿಲೇ ಪೆಡಲ್ ಆರಿಸಲು. ಗಣೇಶನ ಹಬ್ಬಕ್ಕೆ ಹೊಸ ದನಿಯೊಂದಿಗೆ ವಾಪಸಾಗಬೇಕೆಂದು ನಿನ್ನ ಆಸೆ. ಸುಮಿತ್ರಮ್ಮ, ಡಿಲೇ ಪೆಡಲ್ ಎಂದರೆ ಕಾಲಿನಲ್ಲಿ ಒತ್ತುವ ಒಂದು ಸಣ್ಣ ಡಬ್ಬಿ. ಗಿಟಾರಿನಲ್ಲಿ ಒಂದು ಸ್ವರ ನುಡಿಸಿದರೆ ಅದನ್ನೇ ಮತ್ತೆ ಮತ್ತೆ ವಾಪಸು ಕೊಡುತ್ತದೆ, ಸೇತುವೆಯ ಕೆಳಗಿನ ಚಪ್ಪಾಳೆಯ ಹಾಗೆ. ಡಿಜಿಟಲ್ ಆದರೆ ಹತ್ತನೆಯ ಸಲವೂ ಮೊದಲಿನಷ್ಟೇ ಸ್ಪಷ್ಟ. ಅನಲಾಗ್ ಆದರೆ ಪ್ರತಿ ಸಲವೂ ಚೂಪು ಸ್ವಲ್ಪ ಸ್ವಲ್ಪ ಸವೆಯುತ್ತದೆ — ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಬಕೆಟ್ ದಾಟಿಸುವಾಗ ತುಳುಕಿ ತುಳುಕಿ ಕಡಿಮೆಯಾಗುತ್ತದಲ್ಲ, ಹಾಗೆ. ಹಳೆಯ ಹಾಡುಗಳ ಗಿಟಾರಿಗೆ ಅನಲಾಗೇ ಆಗಬೇಕು ಎಂದು ಇವನ ಹಟ. ಡಿಜಿಟಲ್ ಎಂದರೆ ಬಾಯಿಪಾಠ ಒಪ್ಪಿಸುವ ಹುಡುಗರ ಥರ ಎಂದು ಮೂಗು ಮುರಿಯುತ್ತಿದ್ದ.

ಎರಡು ಡಬ್ಬಿಗಳನ್ನು ತರಿಸಿಟ್ಟಿದ್ದೆ. ಒಂದು ಹೊಸದು, ಹಸಿರು ಬಣ್ಣದ್ದು. ಅನಲಾಗ್ ಆದರೂ ತಿಳಿಯಾದ ದನಿ. ಇನ್ನೊಂದು ಮಲ್ಲೇಶ್ವರದಲ್ಲಿ, ಹಿಂದೆ ಹೋಟೆಲ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಮುದುಕರೊಬ್ಬರ ಮನೆಯಿಂದ ತಂದ ಕಂದು ಡಬ್ಬಿ. ಅದು ಬಹಳ ಮಂಕು, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಎರಡನ್ನೂ ಒಂದಾದ ಮೇಲೊಂದು ಕೇಳಿಸಿದರೆ ಪಕ್ಕದ ಗಿರಣಿಗೆ ರಾಗಿ ಬೀಸಿಸಲು ಬಂದವರು ಕೂಡ ವ್ಯತ್ಯಾಸ ಹೇಳುತ್ತಿದ್ದರು.

ಗಿರಣಿ ಊಟದ ಹೊತ್ತಿಗೆ ನಿಲ್ಲಲಿ ಎಂದು ಕಾದೆವು. ನೀನು ಊರುಗೋಲನ್ನು ಒರಗಿಸಿಟ್ಟು, ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತೆ. ಕೈ ಬೆನ್ನ ಹಿಂದೆ. ನಾನು ಹಸಿರು ಡಬ್ಬಿ ಹಾಕಿ, ಎಲ್ಲಕ್ಕಿಂತ ತೆಳುವಾದ ತಂತಿಯ ಒಂದೇ ಒಂದು ಸ್ವರ ಮೀಟಿದೆ. ನಿನ್ನ ಬೆರಳು ಮಡಚುತ್ತಾ ಹೋಯಿತು — ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ನಿಂತಿತು. ಸ್ವರ ಇನ್ನೂ ಬರುತ್ತಲೇ ಇತ್ತು, ನನಗೆ ಕೇಳಿಸುತ್ತಲೇ ಇತ್ತು. ನಿನ್ನ ಹೆಬ್ಬೆರಳು ಮಾತ್ರ ಅಲುಗಲಿಲ್ಲ. ತಮಾಷೆ ಮಾಡುತ್ತಿದ್ದೀಯ ಎಂದುಕೊಂಡು ಇನ್ನೊಮ್ಮೆ ಮೀಟಿದೆ. ನಾಲ್ಕು. ಕಂದು ಡಬ್ಬಿ ಹಾಕಿದೆ. ಅದಕ್ಕೂ ನಾಲ್ಕು.

"ಎರಡೂ ಒಂದೇ ಥರ ಇದೆಯಲ್ಲೋ," ಅಂದೆ ನೀನು, ಮುಖ ತಿರುಗಿಸದೆ. "ನಾಲ್ಕಕ್ಕೇ ಸತ್ತೋಗ್ತಿದೆ. ನಿಂಗೆಷ್ಟು ಕೇಳಿಸ್ತು?"

ಆ ಕ್ಷಣ — ಎಷ್ಟು ಹೊತ್ತಿತ್ತು ಅದು, ಒಂದು ಉಸಿರಿನಷ್ಟು ಇರಬಹುದು — ಅಷ್ಟರಲ್ಲಿ ನನಗೆ ಎಲ್ಲವೂ ತಿಳಿದಿತ್ತು. ಡಾಕ್ಟರು ಹೇಳಿದ್ದು ಅಕ್ಷರ ಅಕ್ಷರವಾಗಿ ನೆನಪಾಯಿತು. ತಕ್ಷಣ ಎದ್ದು ನಿನ್ನನ್ನು ಸ್ಕೂಟರಿಗೆ ಹತ್ತಿಸಬೇಕಿತ್ತು. ಅದರ ಬೆನ್ನಿಗೇ 'ನಿನ್ನ ಜಾಗ' ಎಂಬುದೂ ನೆನಪಾಯಿತು.

"ನಂಗೂ ನಾಲ್ಕೇ," ಅಂದೆ. "ಅನಲಾಗ್ ಅಂದ್ರೆ ಹಂಗೇ ಅಲ್ವಾ ಗುರು."

ನೀನು ತಿರುಗಿ ನೋಡಿದೆ. ನಿನ್ನ ಮುಖ ಹಗುರಾಗಿತ್ತು. "ಅಬ್ಬ, ನಂದೇ ಏನೋ ಎಡವಟ್ಟು ಅಂದ್ಕೊಂಡಿದ್ದೆ," ಅಂದೆ. ಅಂದರೆ ನಿನಗೂ ಅನುಮಾನವಿತ್ತು. ಅದನ್ನು ಬಗೆಹರಿಸಿಕೊಳ್ಳಲು ನನ್ನ ಕಿವಿಯನ್ನು ನಂಬಿದೆ, ಹುಟ್ಟಿದಂದಿನಿಂದ ನಿನಗಿಂತ ಕಡಿಮೆ ಕೇಳಿಸಿಕೊಂಡು ಬಂದ ಈ ಕಿವಿಯನ್ನು. ಎರಡೂ ಒಂದೇ ಅಂದ ಮೇಲೆ ಹಳೆಯದಕ್ಕೇ ಮರ್ಯಾದೆ ಕೊಡೋಣ ಎಂದು ಕಂದು ಡಬ್ಬಿಯನ್ನು ಜೋಳಿಗೆಗೆ ಹಾಕಿಕೊಂಡು ಹೊರಟೆ. ಊರುಗೋಲು ಊರುತ್ತಾ ಏನನ್ನೋ ಗುನುಗುತ್ತಿದ್ದೆ.

ನೀನು ಕಿವುಡನಾಗಲಿ ಎಂದು ನಾನು ಬಯಸಲಿಲ್ಲ. ಈ ವಾಕ್ಯವನ್ನು ಬರೆದು ಎರಡು ಸಲ ಹೊಡೆದುಹಾಕಿದೆ, ಮತ್ತೆ ಬರೆದೆ. ಬಯಸಲಿಲ್ಲ, ಆದರೆ ಆಗಬಹುದೆಂದು ಗೊತ್ತಿತ್ತು — ಎರಡಕ್ಕೂ ಏನು ವ್ಯತ್ಯಾಸ? ಒಂದು ಸೀಸನ್ ನಿನ್ನ ನುಡಿಸಾಣಿಕೆ ಕೆಡಲಿ, ಪುಟ್ಟಸ್ವಾಮಣ್ಣನೇ ನೋಡಲಿ, ಲೀಡ್ ನನಗೇ ಉಳಿಯಲಿ, ಅಷ್ಟೇ ನನ್ನ ಲೆಕ್ಕ. ಅಷ್ಟೇ ಅಂತೆ! ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಎನ್ನುತ್ತಾರೆ. ನನ್ನ ಹೊಟ್ಟೆಕಿಚ್ಚಿಗೆ ಕಣ್ಣೂ ಇತ್ತು, ಕಿವಿಯೂ ಇತ್ತು.

ಸೋಮವಾರ ಡಾಕ್ಟರು ಎಂದಿನಂತೆ ಕಿವಿ ಹೇಗಿದೆ ಎಂದು ಕೇಳಿದರು. ಇವನನ್ನೇ ಕೇಳಿ ಸಾರ್, ಮೊನ್ನೆ ತಾನೇ ಪರೀಕ್ಷೆ ಮಾಡಿದ್ದಾನೆ ಎಂದು ನೀನು ನಗುತ್ತಾ ಪೆಡಲಿನ ಕಥೆಯನ್ನೆಲ್ಲ ಹೇಳಿದೆ. ಅವರು ನನ್ನ ಕಡೆ ನೋಡಿದರು. ಇಬ್ಬರಿಗೂ ಒಂದೇ ಥರ ಕೇಳಿಸುತ್ತಿದೆ ಎಂದೆ. ಸರಿ ಎಂದು ಬರೆದುಕೊಂಡರು. ನರ್ಸು ಇಂಜೆಕ್ಷನ್ ತಂದರು.

ನಾಲ್ಕನೇ ವಾರದಲ್ಲಿ ನೀನು ಮತ್ತೆ ಬಂದೆ. ಪೆಡಲ್ ಇನ್ನೂ ಮಂಕಾಗಿದೆ, ಒಳಗೆ ಏನೋ ಕೆಟ್ಟಿದೆ, ಬಿಚ್ಚಿ ನೋಡು ಎಂದೆ. ದೇವರು ಎರಡನೇ ಸಲ ಬಾಗಿಲು ತಟ್ಟಿದ ಹಾಗಾಯಿತು — ಇನ್ನೂ ಕಾಲ ಮಿಂಚಿರಲಿಲ್ಲ. ನಾನು ಸ್ಕ್ರೂ ಬಿಚ್ಚಿದೆ. ಒಳಗೆ ಏನೂ ಕೆಟ್ಟಿರಲಿಲ್ಲ. ಚೂಪನ್ನು ಸೋಸಿ ತೆಗೆಯುವ ಒಂದು ಸಣ್ಣ ಕಂಡೆನ್ಸರ್ ಇರುತ್ತದೆ, ಅದನ್ನು ಕತ್ತರಿಸಿ ತೆಗೆದೆ. ಈಗ ಪ್ರತಿಯೊಂದು ಸ್ವರವೂ ಕರ್ಕಶವಾಗಿ ವಾಪಸು ಬರುತ್ತಿತ್ತು, ಜೊತೆಗೆ ಒಗ್ಗರಣೆ ಸಿಡಿದ ಹಾಗೆ ಒಂದೇ ಸಮನೆ ಚರಚರ ಸದ್ದು. ನಾನು ಹಲ್ಲು ಕಚ್ಚಿ ಕುಳಿತೆ. ನೀನು ಕಣ್ಣು ಮುಚ್ಚಿ ಕೇಳಿ, "ಈಗ ಸರಿಹೋಯ್ತು ನೋಡು. ನಿನ್ನ ಕೈ ಚಿನ್ನ ಕಣೋ" ಅಂದೆ. ಆ ಚರಚರ ನಿನಗೆ ಕೇಳಿಸಲೇ ಇಲ್ಲ. ಕಂಡೆನ್ಸರ್ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎಸೆಯಲು ಹೋದಾಗಲೆಲ್ಲ ಕೈ ಹಿಂದೆ ಬಂತು.

ಆರು ವಾರ ಮುಗಿಯಿತು. ಕಾಲು ಉಳಿಯಿತು. ಹಬ್ಬ ಬಂತು. ಚಾಮರಾಜಪೇಟೆಯ ಪೆಂಡಾಲಿನಲ್ಲಿ ಸಂಜೆ ಏಳಕ್ಕೆ ಕಾರ್ಯಕ್ರಮ. ನೀನು ಮುಂದೆ, ನಾನು ಹಿಂದೆ ನನ್ನ ಜಾಗದಲ್ಲಿ. ಮೂರನೇ ಹಾಡಿನಲ್ಲಿ ನೀನು ಬಗ್ಗಿ ಪೆಡಲಿನ ನಾಬನ್ನು ಸ್ವಲ್ಪ ತಿರುಗಿಸಿದೆ, ಮತ್ತೂ ಸ್ವಲ್ಪ ತಿರುಗಿಸಿದೆ. ವಾಪಸು ಬರುವ ಸ್ವರ ನಿನಗೆ ಸಾಲುತ್ತಿರಲಿಲ್ಲ. ಅನಲಾಗ್ ಪೆಡಲಿನಲ್ಲಿ ಆ ನಾಬನ್ನು ಮಿತಿ ಮೀರಿ ತಿರುಗಿಸಿದರೆ ಅದು ತಾನಾಗಿ ಊಳಿಡಲು ಶುರುಮಾಡುತ್ತದೆ, ನುಡಿಸದೆ ಇದ್ದರೂ ಏರುತ್ತಲೇ ಹೋಗುತ್ತದೆ. ಊಳಿಟ್ಟಿತು. ಹಾಡುತ್ತಿದ್ದವರು ನಿಲ್ಲಿಸಿದರು. ತಬಲಾ ನಿಂತಿತು. ಮುಂದಿನ ಸಾಲಿನಲ್ಲಿದ್ದವರು ಕಿವಿ ಮುಚ್ಚಿಕೊಂಡರು, ಅವರ ಹಿಂದಿನವರೂ. ನೀನು ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ನಗುಮುಖದಲ್ಲಿ ನುಡಿಸುತ್ತಲೇ ಇದ್ದೆ.

ನಾನು ಓಡಿಬಂದು ಮಂಡಿಯೂರಿ ಪೆಡಲನ್ನು ಕೈಯಿಂದ ಆರಿಸಿದೆ. ನೀನು ಕಣ್ಣು ಬಿಟ್ಟೆ. ಇಡೀ ಪೆಂಡಾಲ್ ಕಿವಿಯ ಮೇಲೆ ಕೈಯಿಟ್ಟುಕೊಂಡು ನಿನ್ನನ್ನು ನೋಡುತ್ತಿತ್ತು. ಆಮೇಲೆ ಕೆಳಗೆ, ಪೆಡಲಿನ ಮೇಲಿದ್ದ ನನ್ನ ಕೈಯನ್ನು ನೋಡಿದೆ. "ಏನಾಯ್ತೋ?" ಅಂದೆ. ಏನಿಲ್ಲ ಎಂದು ನಾನು ಹೇಳಿದಾಗ ನೀನು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ನನ್ನ ತುಟಿಗಳನ್ನು.

ಮಾರನೆಯ ದಿನ ಪರೀಕ್ಷೆ ಮಾಡಿದರು. ಎರಡನೇ ವಾರದಲ್ಲೇ ಗೊತ್ತಾಗಿದ್ದಿದ್ದರೆ ಮಾತು ಕೇಳಿಸುವಷ್ಟಾದರೂ ಉಳಿಸಬಹುದಿತ್ತು, ಇನ್ನು ಇರುವುದೂ ಇಳಿಯುತ್ತದೆ ಎಂದು ಡಾಕ್ಟರು ಕಾರಿಡಾರಿನಲ್ಲಿ ನಿಂತು ಹೇಳಿದಾಗ ಸುಮಿತ್ರಮ್ಮನ ಪಕ್ಕದಲ್ಲಿ ನಾನಿದ್ದೆ. ಹೆಂಡತಿಯಾಗಿ ನನಗೆ ಗೊತ್ತಾಗಲಿಲ್ಲವಲ್ಲ ಎಂದು ಅವರು ಗೋಡೆ ಹಿಡಿದುಕೊಂಡು ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀವಾದ್ರೂ ಇದ್ರಲ್ಲ ಮಂಜಣ್ಣ, ದಿನಾ ಕರ್ಕೊಂಡ್ ಹೋದ್ರಲ್ಲ" ಅಂದರು. ಸುಮಿತ್ರಮ್ಮ, ಆ ಮಾತನ್ನು ನೀವು ವಾಪಸು ತೆಗೆದುಕೊಳ್ಳಬೇಕು ಎಂದೇ ಇದನ್ನು ನಿಮಗೂ ಓದಿಸುತ್ತಿದ್ದೇನೆ. ನಿಮ್ಮಿಂದ ಏನೂ ತಪ್ಪಾಗಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಎಲ್ಲವೂ ಹೋಯಿತು. ಕಿವಿಗೆ ಹಾಕಿದ ಯಂತ್ರ ಬರೀ ಗದ್ದಲ ಕೊಡುತ್ತದೆಂದು ನೀನು ತೆಗೆದು ಬೀರುವಿನಲ್ಲಿಟ್ಟೆ. ಹಿಂದಿನ ಬೆಂಚಿನ ಮಕ್ಕಳು ಕೇಳಿದ ಪ್ರಶ್ನೆ ಕೇಳಿಸದ ಮೇಷ್ಟ್ರಿಗೆ ಶಾಲೆಯವರು ಆಫೀಸಿನಲ್ಲಿ ಮೇಜು ಕೊಟ್ಟರು. ಒಂದು ವರ್ಷ ಕೂತು ನೀನೇ ಬಿಟ್ಟೆ. ಕೇಳಿದವರಿಗೆಲ್ಲ, ತಪ್ಪು ನಂದೇ, ಪೆಡಲೇ ಮಂಕು ಅಂದುಕೊಂಡೆ, ಅಷ್ಟು ದಡ್ಡ ನಾನು ಎಂದು ಜೋರು ದನಿಯಲ್ಲಿ ಹೇಳುತ್ತಿದ್ದೆ. ನಾನು ಹೇಳಬೇಕಾದ್ದನ್ನು ನೀನು ನಿನ್ನ ಮೇಲೆ ಹಾಕಿಕೊಂಡು ಹೇಳುತ್ತಿದ್ದೆ, ನಾನು ಪಕ್ಕದಲ್ಲಿ ಕುಳಿತು ಕೋಡುಬಳೆ ತಿನ್ನುತ್ತಿದ್ದೆ. ಗಿಟಾರನ್ನೂ ಆ ಕಂದು ಡಬ್ಬಿಯನ್ನೂ ನನಗೇ ಕೊಟ್ಟುಬಿಟ್ಟೆ, ನಿನ್ನ ಕೈಯಲ್ಲಾದರೂ ಇರಲಿ ಎಂದು. ಲೀಡ್ ನಾನೇ ನುಡಿಸುತ್ತಿದ್ದೇನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ — ಕೇಳುವವರಲ್ಲಿ ಯಾರಾದರೂ ಸುಮ್ಮನೆ ಕಿವಿ ತುರಿಸಿಕೊಂಡರೂ ನನ್ನ ಕೈ ತಪ್ಪುತ್ತದೆ. ಒನ್ಸ್ ಮೋರ್ ಎಂದು ಆಮೇಲೆ ಯಾರೂ ಅನ್ನಲಿಲ್ಲ. ಅಂದಿದ್ದರೂ ಏನಾಗುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಭಾನುವಾರಗಳು. ನಿನ್ನ ಮನೆಯಲ್ಲಿರುವ ಸಣ್ಣ ಆಂಪಿಗೆ ಗಿಟಾರ್ ಹಾಕು ಎಂದು ಸನ್ನೆ ಮಾಡುತ್ತೀ. ಒಂದು ಅಂಗೈಯನ್ನು ಸ್ಪೀಕರಿನ ಮುಂದಿನ ಬಟ್ಟೆಯ ಮೇಲೆ ಇಡುತ್ತೀ. ನಾನು ದಪ್ಪ ತಂತಿ ಮೀಟುತ್ತೇನೆ. ಆ ನಡುಕ ಕೈಗೆ ತಾಗಿದಷ್ಟು ಸಲ ಇನ್ನೊಂದು ಕೈಯ ಬೆರಳು ಮಡಚುತ್ತೀ. ಕೆಲವು ದಿನ ಮೂರು, ಕೆಲವು ದಿನ ಎರಡು. ಮುಗಿದ ಮೇಲೆ ಹುಬ್ಬು ಎತ್ತಿ, ನಿನಗೆಷ್ಟು ಎಂದು ನನ್ನನ್ನು ಕೇಳುತ್ತೀ. ನೀನು ಎಷ್ಟು ತೋರಿಸಿದ್ದೀಯೋ ಅಷ್ಟೇ ಬೆರಳನ್ನು ನಾನೂ ತೋರಿಸುತ್ತೇನೆ. ನೀನು ನಗುತ್ತೀ. ಏಳು ವರ್ಷದಲ್ಲಿ ಒಂದು ಭಾನುವಾರವೂ ಒಂದು ಬೆರಳು ಹೆಚ್ಚಿಗೆ ತೋರಿಸಿಲ್ಲ. ಅದೇ ಸುಳ್ಳನ್ನು ಪ್ರತಿ ವಾರ ಹೊಸದಾಗಿ ಹೇಳುತ್ತಿದ್ದೇನೆ, ಈಗ ಬಾಯಿ ಕೂಡ ಬೇಕಾಗಿಲ್ಲ.

ಕ್ಷಮಿಸು ಎಂದು ಇಲ್ಲಿ ಬರೆಯುವುದಿಲ್ಲ. ನೀನು ಕ್ಷಮಿಸಿಬಿಡಬಹುದು, ನಿನ್ನ ಬುದ್ಧಿ ನನಗೆ ಗೊತ್ತಲ್ಲ. ಕ್ಷಮಿಸಿದರೆ ನಿನಗೆ ಬರುವುದಾದರೂ ಏನು? ಸುಮಿತ್ರಮ್ಮನ ದನಿ ನಿನಗೆ ಮತ್ತೆ ಕೇಳಿಸುವುದಿಲ್ಲ. ಇದನ್ನು ಓದಿ ನಿನಗೆ ಸಿಗುವುದು ಇನ್ನೊಂದು ನಷ್ಟ ಮಾತ್ರ — ಬಾಲ್ಯದ ಗೆಳೆಯ ಅಂತ ಒಬ್ಬನಿದ್ದ, ಅವನೂ ಹೋದ. ಅದು ಗೊತ್ತಿದ್ದೂ ಕೊಡುತ್ತಿದ್ದೇನೆ. ನೀನು ದಡ್ಡ ಎಂದು ನೀನೇ ಹೇಳಿಕೊಳ್ಳುವುದನ್ನು ಇನ್ನು ಕೂತು ನೋಡಲು ನನ್ನ ಕೈಲಾಗುವುದಿಲ್ಲ.

ಈ ಭಾನುವಾರ ಬರುತ್ತೇನೆ. ಗಿಟಾರು, ಕಂದು ಡಬ್ಬಿ, ಡ್ರಾಯರಿನಲ್ಲಿರುವ ಕಂಡೆನ್ಸರ್, ಮೂರನ್ನೂ ತಂದು ನಿನ್ನ ಮುಂದಿಡುತ್ತೇನೆ. ಕಾಫಿ ಬೇಡ ಎನ್ನುತ್ತೇನೆ. ನೀನು ಓದುವಷ್ಟು ಹೊತ್ತು ಎದುರಿಗೇ ಕುಳಿತಿರುತ್ತೇನೆ, ಗೋಡೆಯ ಕಡೆ ತಿರುಗುವುದಿಲ್ಲ. ಓದಿ ಮುಗಿಸಿ ನೀನು ಏನು ಬೈದರೂ ಅದು ನಿನಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಹೋಗು ಅಂದರೆ ಹೋಗುತ್ತೇನೆ.

ಆ ಶನಿವಾರ ನೀನು ಒಂದು ಪ್ರಶ್ನೆ ಕೇಳಿದ್ದೆ, ಗೋಡೆಗೆ ಮುಖ ಮಾಡಿಕೊಂಡು. ಕಂದು ಡಬ್ಬಿಯಲ್ಲಿ ನನಗೆ ಆರು ಕೇಳಿಸಿತ್ತು ಕಂಠಿ. ಹಸಿರು ಡಬ್ಬಿಯಲ್ಲಿ ಎಂಟು.